ನಿರೋಧ ತಾರವ್ವನ ಮಣ್ಣು

ಬಿಸಿನೀರಿನ ತಂಬಿಗೆಯನ್ನು ಹೆಣದ ಮೇಲೆ ಬಗ್ಗಿಸುವ ಮೊದಲು ಉಜ್ವಲಾ ಕೈ ತಡೆದಳು.

“ಮದಲ ಹ್ಯಾಂಡ್‌ಗ್ಲೋಜ್ ತರಸ್ರಿ. ಹಗಲೆಲ್ಲಾ ಅಂಥಾ ಜಡ್ಡಿನವ್ರ ಸಂಗಾಟ ಇರಾಕಿ. ಏನ್ ಹಚ್ಚಕೊಂಡಿದ್ಲೋ ಯಾಂವಗ ಗೊತ್ತು!”

“ಹಾರ್ಟ್ ಅಟ್ಯಾಕ್ ಹತ್ತತೈತೇನವಾ?” ಎಂದಳು ಪಕ್ಕದ ಮನೆಯ ಮುದುಕಿ ರಾಜಮತಿ.

ಆದರೂ ಗ್ಲೋಜ್ ಬಂದವು. ಸೀರೆ ಹಿಡಿದು ಮರೆ ಮಾಡಿದ್ದ ಹೆಂಗಸರು ಉಜ್ವಲಾ ಹೇಳಿದ್ದೇ ಸರಿ ಎಂಬಂತೆ ತಲೆಯಾಡಿಸಿದರು.

ಸತ್ತವಳು ತಾರವ್ವ. ಗಡಿಯಾಚೆ ಮರಾಠಿ ಸೀಮೆಯ ಕಬನೂರಿನ ಮಗ್ಗದ ಓಣಿಗಳಲ್ಲಿ ಅವಳ ಪೂರ್ತಿ ಹೆಸರು ನಿರೋಧ ತಾರವ್ವ. ಮಗ್ಗದ ಹುಡುಗರಿಗೆ ಕಾಂಡೋಮ್ ಪೊಟ್ಟಣ ಹಂಚುತ್ತ, ರಕ್ತ ತೋರಿಸಿಕೊಳ್ಳಿರೆಂದು ಗಂಟಲು ಹರಿದುಕೊಳ್ಳುತ್ತ, ಎಳೆ ಹುಡುಗಿಯ ಮದುವೆ ನಿಶ್ಚಯವಾದ ಮನೆಗೆ ಕರೆಯದೇ ನುಗ್ಗುತ್ತ ಮುದುಕಿಯಾದವಳು. ತವರೂರು ನೂಲದಲ್ಲಿ ಅವಳ ತಂಗಿಯನ್ನು ಹದಿನಾಲ್ಕಕ್ಕೇ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಹೆರಿಗೆಯಲ್ಲೇ ಹೋದಳು. ಆಮೇಲೆ ತಾರವ್ವನಿಗೆ ನಾಚಿಕೆಯೇ ಉಳಿಯಲಿಲ್ಲವೆಂದು ಜನ ಆಡಿಕೊಳ್ಳುತ್ತಿದ್ದರು. ನಾಚಿಕೆಯಿದ್ದ ಮಾನವಂತರೆಲ್ಲ ಕಷ್ಟ ಬಂದಾಗ ಅವಳ ಹಿತ್ತಿಲ ಬಾಗಿಲು ಬಡಿಯುತ್ತಿದ್ದರು. ಅದನ್ನು ಮಾತ್ರ ಯಾರೂ ಆಡುತ್ತಿರಲಿಲ್ಲ.

ಗುಂಪಿನ ಹಿಂದೆ ಉಜ್ವಲಾಳ ಮಗಳು ಪ್ರಾಜಕ್ತಾ ಬಿಕ್ಕುತ್ತಿದ್ದಳು. ಹತ್ತನೆಯ ತರಗತಿಯ ಹುಡುಗಿ.

“ಮಂದಿ ಹೆಣಾಕ ಇಷ್ಟ್ಯಾಕ ಅಳತಿ?” ತಾಯಿ ಗದರಿದಳು.

*

ಹೋದ ವರ್ಷ ತಾರವ್ವ ಶಾಲೆಗೆ ಬಂದು, ದೊಡ್ಡ ಹುಡುಗಿಯರಿಗೆ ನಾಲ್ಕು ಮಾತು ತಿಳಿಹೇಳುತ್ತೇನೆಂದು ಕೇಳಿಕೊಂಡಿದ್ದಳು. ಪಾಲಕರ ಸಭೆಯಲ್ಲಿ ಎದ್ದು ನಿಂತವಳು ಉಜ್ವಲಾ.

“ನಮ್ಮ ಹುಡಿಗ್ಯಾರು ಚಲೋ ಮನಿತನದವ್ರು ಅದಾರ್ರಿ. ಇಂಥಾದ್ದೆಲ್ಲಾ ಕಲಿಸಿ ಕೆಡಸಬ್ಯಾಡ್ರಿ.”

“ಕೆಡಸಾವ್ರು ಭಾಳ ಮಂದಿ ಅದಾರವಾ,” ಎಂದಿದ್ದಳು ತಾರವ್ವ. “ಹುಷಾರ ಅಂತ ಹೇಳಾವ್ರ ಯಾರೂ ಇಲ್ಲ.”

ಸಭೆ ಚಪ್ಪಾಳೆ ತಟ್ಟಿದ್ದು ಉಜ್ವಲಾಳಿಗೆ. ತಾರವ್ವನಿಗೆ ಚಹಾ ಕುಡಿಸಿ ಸಾಗಹಾಕಿದರು.

*

ಮೊನ್ನೆ ಶುಕ್ರವಾರ ಪ್ರಾಜಕ್ತಾ ಅದೇ ಹಿತ್ತಿಲ ಬಾಗಿಲು ಬಡಿದಿದ್ದಳು. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ತಾರವ್ವ ಬೈಯಲಿಲ್ಲ. ಮೊದಲು ಕೇಳಿದ್ದು, ಉಂಡಿಯೇನು ಎಂದು.

“ಆಯಿ, ಅವ್ವಗ ಗೊತ್ತಾದ್ರ ಕಡದ ಹಾಕ್ತಾಳ್ರಿ.”

“ನಡುವ ನಾ ಅದೀನಲ್ಲ! ಸೋಮವಾರ ಕೊಲ್ಲಾಪುರದ ದವಾಖಾನಿಗೆ ಕರ್ಕೊಂಡ ಹೋಗ್ತೀನಿ. ಮದಲ ನಿಮ್ಮವ್ವಗ ನಾನ ಹೇಳ್ತೀನಿ. ಬೈಸ್ಕೊಳ್ಳಾಕ ನನಗ ರೂಢಿ ಐತಿ.”

ಶನಿವಾರ ಸಂಜೆ ಎದೆ ಹಿಡಿದುಕೊಂಡು ಕುಸಿದ ತಾರವ್ವ ಮತ್ತೆ ಏಳಲಿಲ್ಲ. ಉಜ್ವಲಾಳಿಗೆ ಹೇಳಬೇಕಾದ ಮಾತು ಅವಳೊಡನೆಯೇ ಹೋಯಿತು. ಅದನ್ನು ಹೇಳಬಲ್ಲ ಇನ್ನೊಬ್ಬರು ಹುಡುಗಿಗೆ ಈ ಲೋಕದಲ್ಲೇ ಇರಲಿಲ್ಲ.

*

ಹೆಣ ಎತ್ತುವ ಮೊದಲು ಓಣಿಯ ಪುಢಾರಿ ಅತುಲ ಶ್ರದ್ಧಾಂಜಲಿ ಭಾಷಣಕ್ಕೆ ನಿಂತ. “ತಾಈಂಚಂ ಕಾರ್ಯ ಫಾರ ಮೋಠಂ ಹೋತಂ,” ಎಂದು ಮರಾಠಿಯಲ್ಲಿ ಹೊಗಳಿದ. ಅಕ್ಕನದು ಬಹಳ ದೊಡ್ಡ ಕಾರ್ಯವಂತೆ!

ನೂಲದಿಂದ ಬಂದಿದ್ದ ತಾರವ್ವನ ತಮ್ಮ ಮಲ್ಲಾರಿ ಕೈಮುಗಿದ. “ನಮ್ಮಕ್ಕ ಯಾವ ಕೆಲಸಾ ಮಾಡ್ತಿದ್ಲು ಅಂತ ಒಂದ ಮಾತ ಹೇಳ್ರಿ, ಸಾಹೇಬ್ರ.”

“ಹೆಣ್ಮಕ್ಕಳ ಮುಂದ ಅದನ್ನೆಲ್ಲಾ ಹೆಂಗ ಹೇಳೂದೋ ಮಾರಾಯಾ?” ಅತುಲ ಕೆಳದನಿಯಲ್ಲಿ ಗೊಣಗಿ, ಎರಡು ನಿಮಿಷ ಮೌನವೆಂದು ಸಾರಿದ. ಮೌನಕ್ಕೆ ಆ ಓಣಿಯಲ್ಲಿ ಎಂದೂ ಕೊರತೆಯಿರಲಿಲ್ಲ.

ಚಟ್ಟ ಹೆಗಲಿಗೇರಿತು. ಹಿರಿಯಳಾದ ರಾಜಮತಿ ವಾಡಿಕೆಯಂತೆ ಕೂಗಿದಳು:

“ಬಸುರಿದ್ದಾವ್ರು ಹೆಣಾ ನೋಡಬ್ಯಾಡ್ರೆವಾ! ಕೂಸಿಗೆ ಗಾಳಿ ಸೋಕತೈತಿ, ಮಾರಿ ಆಕಡೆ ಮಾಡ್ರಿ!”

ಓಣಿಯಲ್ಲಿ ಸದ್ಯ ಬಸುರಿಯರು ಯಾರೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಸಾಲಾಗಿ ನಿಂತ ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಂಡು ತಾರವ್ವನನ್ನು ನೋಡಿದರು.

ಪ್ರಾಜಕ್ತಾ ಒಬ್ಬಳೇ ಗೋಡೆಗೆ ಮುಖ ಮಾಡಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲೆ ಒತ್ತಿಕೊಂಡಿದ್ದಳು.

ಹೆಂಗಸರು ಒಬ್ಬೊಬ್ಬರಾಗಿ ಚಟ್ಟದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. ಎಲ್ಲರಿಗಿಂತ ಕೊನೆಗೆ ಉಜ್ವಲಾ ತಿರುಗಿದಳು.