ಏಳರಿಂದ ಎಂಟು, ಇಂಗ್ಲಿಷ್

ನನ್ನ ಮೊಮ್ಮಗಳನ್ನು ನಾವೆಲ್ಲ ಚಿನಕುರಳಿ ಅನ್ನುತ್ತೇವೆ. ಅರಳು ಹುರಿದ ಹಾಗೆ ಮಾತಾಡುತ್ತಾಳೆ, ಮಾತಾಡುತ್ತಲೇ ನಿದ್ದೆ ಹೋಗುತ್ತಾಳೆ. ಅಂಥವಳು ಇಂಗ್ಲಿಷ್ ಪಾಠದಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಶಾಲೆಯಿಂದ ದೂರು ಬಂದರೆ ಯಾರು ನಂಬುತ್ತಾರೆ!

ಅವಳ ಶಾಲೆಯಲ್ಲಿ ಬೆಳಿಗ್ಗೆ ಕನ್ನಡದಲ್ಲಿ ಪಾಠ, ಮಧ್ಯಾಹ್ನ ಇಂಗ್ಲಿಷಿನಲ್ಲಿ. ವರ್ಷದ ಕೊನೆಗೆ ಒಂದು ಚಿತ್ರ ತೋರಿಸುತ್ತಾರೆ; ಮಗು ಅದರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬೇಕು. ಆಡದಿದ್ದರೆ ಮತ್ತೆ ಎರಡನೇ ಕ್ಲಾಸೇ. ಗೆಳತಿಯರೆಲ್ಲ ಮೂರಕ್ಕೆ ಹೋಗಿ ಇವಳೊಬ್ಬಳೇ ಉಳಿದರೆ? 

ಫ್ರಿಜ್ ರಿಪೇರಿ ಮಾಡುವ ನನ್ನ ಅಳಿಯ ಅದಕ್ಕೊಂದು ಉಪಾಯ ಹೂಡಿದ.

"ಸಂಜೆ ಏಳರಿಂದ ಎಂಟು, ಮನೇಲಿ ಎಲ್ರೂ ಇಂಗ್ಲಿಷೇ ಮಾತಾಡ್ಬೇಕು. ಆದ್ರೆ ತಪ್ಪು ಇಂಗ್ಲಿಷ್ ಮಗು ಕಿವಿಗೆ ಬೀಳಬಾರ್ದು."

ತಪ್ಪಿಲ್ಲದ ಇಂಗ್ಲಿಷ್ ನಮ್ಮಲ್ಲಿ ಯಾರಿಗೆ ಬರುತ್ತಿತ್ತು, ಮಣ್ಣು! ಏಳು ಹೊಡೆದರೆ ಮನೆ ಗಪ್‌ಚುಪ್. ಮಗಳು ಉಪ್ಪಿನ ಡಬ್ಬಿಗೆ ಕೈ ತೋರಿಸುವಳು, ಅಳಿಯ ತಲೆಯಾಡಿಸುವನು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಬಾರದ್ದಕ್ಕೇ ಜಗಳ ನಿಂತಿತ್ತು.

ಪರೀಕ್ಷೆಯ ದಿನ ಅವಳ ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ನಾನೇ ಕರೆದುಕೊಂಡು ಹೋದೆ. ಟೀಚರು ಮೇಜಿನ ಮೇಲೆ ಚಿತ್ರ ಇಟ್ಟು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಮ್ಮವಳು ಬಾಯಿಯೇ ಬಿಡಲಿಲ್ಲ. ಪಾಪ, ಒಳ್ಳೆಯ ಹೆಂಗಸು, ಕನ್ನಡದಲ್ಲೇ ಕೇಳಿದರು.

"ಯಾಕೆ ಪುಟ್ಟಾ, ಹೆದರಿಕೆನಾ?"

"ಇಲ್ಲ ಮಿಸ್. ಇಂಗ್ಲಿಷ್ ಟೈಮಲ್ಲಿ ಮಾತಾಡಬಾರ್ದಲ್ವಾ? ನಮ್ಮನೇಲಿ ಯಾರೂ ಮಾತಾಡಲ್ಲ."

 ಅಯ್ಯೋ, ದಿನಾ ಒಂದು ಗಂಟೆ ಕೂರಿಸಿಕೊಂಡು ನಾವು ಕಲಿಸಿದ್ದು ಇದನ್ನೇ! ಟೀಚರು ಪೆನ್ನು ಎತ್ತಿಕೊಂಡರು. ಹೋದರೆ ನನ್ನ ಮಾನ ತಾನೇ, ಹೋಗಲಿ ಎಂದು ಚಿತ್ರದ ಮೇಲೆ ಬೆರಳಿಟ್ಟೆ.

"ದಿಸ್ ಡಾಗ್... ಈಟ್ ಶರ್ಟ್... ವೆರಿ ಗುಡ್ ಡಾಗ್!"

ಚಿನಕುರಳಿ ಕಿಸಕ್ಕನೆ ನಕ್ಕಳು. "ನೋ ಅಜ್ಜಿ! ದಟ್ ಈಸ್ ಎ ಗೋಟ್! ನಾಟ್ ಗುಡ್! ದಿ ಮ್ಯಾನ್ ಈಸ್ ಆಂಗ್ರಿ. ಲುಕ್, ಹಿ ಹ್ಯಾಸ್ ನೋ ಶರ್ಟ್ ನೌ!"

ಆಮೇಲೆ ನಿಲ್ಲಿಸಿದರೆ ತಾನೇ? ಕೊನೆಗೆ ಟೀಚರೇ ಕೈ ಅಡ್ಡ ಹಿಡಿದರು.

"ಸಾಕಮ್ಮಾ, ಉಳಿದಿದ್ದನ್ನ ಮೂರನೇ ಕ್ಲಾಸಲ್ಲಿ ಹೇಳುವೆಯಂತೆ."

ಸಂಜೆ ಏಳು ಹೊಡೆಯಿತು. ಅಳಿಯ ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು ಕೂತ. ನಾನು ಕನ್ನಡದಲ್ಲೇ ನಡೆದದ್ದೆಲ್ಲ ಹೇಳಿದೆ.

"ಕನ್ನಡಕ ಹಾಕ್ಕೊಂಡಿದ್ರಲ್ಲ ಅತ್ತೆ, ಮೇಕೆ ಕಾಣಿಸ್ಲಿಲ್ವಾ?" ಎಂದ.

"ಕಾಣಿಸ್ತಪ್ಪಾ. ಅದಕ್ಕೇನಂತಾರೋ ನೆನಪಾಗ್ಲಿಲ್ಲ."

ಅವನು ನಗಲಿಲ್ಲ. ತಲೆ ತಗ್ಗಿಸಿದ. "ನಂಗೂ ಬಾಯಿಬಿಟ್ರೆ ತಪ್ಪೇ ಬರೋದು ಅತ್ತೆ. ಮಗು ಮುಂದೆ ನಾಚಿಕೆ ಆಗುತ್ತೆ."

ಚಿನಕುರಳಿ ಅವನ ತೊಡೆ ಏರಿ ಕೂತು, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ತಪ್ಪೇ ಮಾತಾಡಪ್ಪಾ, ನಾನಿದ್ದೀನಲ್ಲ."