ಅಪ್ಪ ಕೂಗಿದ ನಲವತ್ತೆಂಟು

ನಾಳೆ ಬೆಳಿಗ್ಗೆ ನಮ್ಮ ಡಿಪ್ಲೊಮಾ ಸಿನಿಮಾದ ಶೂಟಿಂಗ್. ಇವತ್ತು ನಾಲ್ಕು ಗಂಟೆಯೊಳಗೆ ಕಾಲೇಜಿನ ಸ್ಟೋರಿನಲ್ಲಿ ಕ್ಯಾಮೆರಾ ಪರೀಕ್ಷೆ ಮುಗಿಸಿ ಸಹಿ ಹಾಕಿಸಿಕೊಳ್ಳದಿದ್ದರೆ ಅದು ಇನ್ನೊಂದು ತಂಡದ ಪಾಲು. ಸಹಿ ಹಾಕುವವರು ಸ್ಟೋರಿನ ಮೇಲ್ವಿಚಾರಕರು. ನಾವೆಲ್ಲ ಅವರನ್ನು ಸಹಿ ಸಾರ್ ಎಂದೇ ಕರೆಯುತ್ತಿದ್ದೆವು, ಅವರಿಗೆ ಕೇಳಿಸದ ಹಾಗೆ.

ಫೋಕಸ್ ಹಿಡಿಯುವ ಕೆಲಸ ನನ್ನದು. ನಮ್ಮ ನಿರ್ದೇಶಕ, ನನ್ನ ಕ್ಲಾಸಿನವನೇ, ಈಗಾಗಲೇ ಎಲ್ಲರ ಕೈಲೂ ಬಾಸ್ ಎನ್ನಿಸಿಕೊಳ್ಳುತ್ತಿದ್ದ. ಅಳೆದೂ ಸುರಿದೂ ನನಗೆ ಈ ಕೆಲಸ ಕೊಟ್ಟಿದ್ದ. ಒಂದೇ ಒಂದು ತಪ್ಪಾದರೂ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಎರಡು ಸಲ ಹೇಳಿದ್ದ. ಮೂರನೆಯ ಸಲ ಹೇಳಿದ್ದರೆ ನಾನೇ ಬಿಟ್ಟು ಹೋಗುತ್ತಿದ್ದೆ. ಆದರೆ ಆ ಕೆಲಸ ನನಗೆ ಬೇಕಿತ್ತು, ತುಂಬಾ ಬೇಕಿತ್ತು.

ಬ್ಯಾಟರಿ, ಕಾರ್ಡು, ಸೆನ್ಸರ್ ಮೇಲಿನ ಧೂಳು, ಎಲ್ಲ ನೋಡಿಯಾಗಿತ್ತು. ಉಳಿದದ್ದು ಲೆನ್ಸು ಮಾತ್ರ. ಲೆನ್ಸಿನ ಉಂಗುರದ ಮೇಲೆ ಅಡಿ, ಇಂಚು ಕೆತ್ತಿರುತ್ತಾರೆ. ಎದುರಿನ ಗೋಡೆಗೆ ಅಂಟಿಸಿದ ಸಣ್ಣ ಗೆರೆಗಳ ಚಾರ್ಟ್ ಎಷ್ಟು ದೂರವಿದೆ ಎಂದು ಅಳೆದು, ಉಂಗುರವನ್ನು ಅದೇ ಅಂಕಿಗೆ ತಿರುಗಿಸಿದರೆ ಚಿತ್ರ ಚೊಕ್ಕವಾಗಿ ಕಾಣಬೇಕು. ಅಳೆಯಲು ನೋಡಿದರೆ ನಮ್ಮ ಡಬ್ಬಿಯಲ್ಲಿ ಟೇಪೇ ಇಲ್ಲ. ನಮ್ಮಪ್ಪ ಟೈಲರ್, ಅಂಗಡಿ ಎದುರು ರಸ್ತೆಯಲ್ಲೇ. ಫೋನ್ ಮಾಡಿದೆ. ಐದು ನಿಮಿಷದಲ್ಲಿ ಕುತ್ತಿಗೆಗೆ ಟೇಪು ಹಾಕಿಕೊಂಡು, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಬಂದೇಬಿಟ್ಟರು.

ಕ್ಯಾಮೆರಾದ ಮೈಮೇಲಿನ ಗುರುತಿನಿಂದ ಚಾರ್ಟಿನವರೆಗೆ ಅಪ್ಪ ಟೇಪು ಎಳೆದರು.

"ನಲವತ್ತೆಂಟು," ಎಂದು ಕೂಗಿದರು.

ನಲವತ್ತೆಂಟು ಇಂಚು ಎಂದರೆ ನಾಲ್ಕು ಅಡಿ. ಉಂಗುರ ತಿರುಗಿಸಿದೆ. ಮಾನಿಟರಿನಲ್ಲಿ ಚಾರ್ಟಿನ ಗೆರೆಗಳು ಕಲಸಿ ಹೋಗಿದ್ದವು. ಎರಡನೆಯ ಲೆನ್ಸು ಹಾಕಿದೆ. ಅಪ್ಪ ಮತ್ತೆ ಅಳೆದು ಅದನ್ನೇ ಕೂಗಿದರು. ಅದೂ ಮಸುಕು. ಮೂರನೆಯದೂ ಅಷ್ಟೇ.

ಸಹಿ ಸಾರ್ ಕನ್ನಡಕ ಹಣೆಗೇರಿಸಿದರು. "ಮೂರಕ್ಕೆ ಮೂರೂ ಒಟ್ಟಿಗೆ ಕೆಡಲ್ಲ. ಕ್ಯಾಮೆರಾದಲ್ಲೇ ಏನೋ ಆಗಿದೆ. ರಿಪೇರಿಗೆ ಕಳಿಸ್ತೀನಿ."

"ಎಷ್ಟು ದಿನ ಸಾರ್?" ಎಂದ ಬಾಸ್.

"ಎರಡು ವಾರ."

ಬಾಸ್ ನನ್ನನ್ನು ನೋಡಿದ ನೋಟಕ್ಕೆ ಮೈಯೆಲ್ಲ ಉರಿಯಿತು. ಕ್ಯಾಮೆರಾವನ್ನು ನಾನೇ ಎತ್ತಿ ಬೀಳಿಸಿದ್ದೇನೋ ಎಂಬಂತಿತ್ತು.

ಸಹಿ ಸಾರ್ ಫೋನ್ ಕೈಗೆತ್ತಿಕೊಂಡರು. ಅಪ್ಪನಿಗೆ ಸುಮ್ಮನೆ ನಿಂತು ಗೊತ್ತೇ ಇಲ್ಲ. ಸಾರ್ ತೊಟ್ಟ ಕೋಟು ಕಂಕುಳಲ್ಲಿ ಹಿಡಿಯುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಹೇಳದೆ ಕೇಳದೆ ಹೋಗಿ ಸಾರ್ ಎದೆಗೆ ಟೇಪು ಸುತ್ತಿದರು.

"ನಲವತ್ತೆರಡು," ಎಂದು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಕೂಗಿದರು.

ಚಿಕ್ಕಂದಿನಿಂದಲೂ ಅಂಗಡಿಯಲ್ಲಿ ಅವರು ಕೂಗುವುದು, ನಾನು ಪುಸ್ತಕದಲ್ಲಿ ಬರೆಯುವುದು. ಟೇಪನ್ನು ನಾನು ನೋಡಿದವಳೇ ಅಲ್ಲ. ಈಗ ಪಕ್ಕದಲ್ಲೇ ಇದ್ದುದರಿಂದ ನೋಡಿದೆ. ಅಪ್ಪನ ಹೆಬ್ಬೆರಳು ಇದ್ದದ್ದು ನಲವತ್ತರ ಮೇಲೆ.

ಹಾಗಾದರೆ ಆ ನಲವತ್ತೆಂಟೂ ಹೀಗೇ. ಮೂವತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ಕೆಡಿಸಿದವರಲ್ಲ ಅಪ್ಪ. ಆ ಮಾತನ್ನು ಬಂದೊಡನೆ ಅವರೇ ಸಹಿ ಸಾರ್‌ಗೆ ಹೇಳಿಯೂ ಆಗಿತ್ತು. ಇವರೆಲ್ಲರ ಮುಂದೆ ಅವರ ತಲೆ ತಗ್ಗಿಸುವುದು ನನ್ನಿಂದಾಗಲಿಲ್ಲ.

"ಸಾರ್, ಫೋನ್ ಮಾಡಬೇಡಿ. ಕ್ಯಾಮೆರಾ ಸರಿಯಾಗಿದೆ. ನಾನೇ ಉಂಗುರವನ್ನ ತಪ್ಪು ಅಂಕಿಗೆ ತಿರುಗಿಸಿದ್ದು," ಎಂದೆ.

ಸಹಿ ಸಾರ್ ಫೋನ್ ಕೆಳಗಿಟ್ಟರು. "ಅಂಕಿ ನೋಡೋಕೆ ಬರದವಳ ಕೈಗೆ ಫೋಕಸ್ ಕೊಟ್ರೆ ನಾನು ಸಹಿ ಹಾಕಲ್ಲ. ಬೇರೆಯವರನ್ನ ಕರಿ," ಎಂದರು ಬಾಸ್‌ಗೆ. ಅವನಿಗೂ ಅಷ್ಟೇ ಬೇಕಿತ್ತು, ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದ.

ಅಪ್ಪ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಹೆಬ್ಬೆರಳು ನೋಡಿಕೊಂಡರು. ಅವರಿಗೆ ತಿಳಿಯಲು ಎಷ್ಟು ಹೊತ್ತು ಬೇಕು?

"ಅವಳದ್ದೇನೂ ತಪ್ಪಿಲ್ಲ ಸಾರ್. ಕೂಗಿದ್ದು ನಾನು. ಎಲ್ಲಾದಕ್ಕೂ ಎರಡಿಂಚು ಸೇರಿಸಿ ಕೂಗಿದೀನಿ."

"ಯಾಕ್ರೀ?"

"ಉಸಿರಾಡೋಕೆ."

"ಯಾರು ಉಸಿರಾಡೋಕೆ? ಚಾರ್ಟಾ?"

ಅಪ್ಪ ತಲೆ ಕೆರೆದುಕೊಂಡರು. "ಬಟ್ಟೆಗೆ ಸಡಿಲ ಬಿಟ್ಟೂ ಬಿಟ್ಟೂ ಅಭ್ಯಾಸ. ಸೇರಿಸದೆ ಇದ್ರೆ ಅಂಕಿ ಬಾಯಿಗೇ ಬರಲ್ಲ ಸಾರ್."

ಸಹಿ ಸಾರ್ ನಕ್ಕರು. ಅವರಿಗೆ ಹಲ್ಲುಗಳಿವೆ ಎಂಬುದು ನಮಗೆ ಅಂದೇ ಗೊತ್ತಾದದ್ದು. "ನೀನೇ ಅಳೆಯಮ್ಮ," ಎಂದರು.

ಅಳೆದೆ. ನಲವತ್ತಾರು. ಉಂಗುರ ತಿರುಗಿಸಿದರೆ ಚಾರ್ಟಿನ ಕೂದಲೆಳೆಯಂಥ ಗೆರೆಯೂ ಎದ್ದು ನಿಂತಿತು. ಮೂರು ಲೆನ್ಸೂ ಸರಿಯಾಗಿದ್ದವು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸಹಿ ಬಿತ್ತು. ಫಾರಂನಲ್ಲಿ ಫೋಕಸ್ ಎಂಬ ಕಡೆ ಬಾಸ್ ನನ್ನ ಹೆಸರನ್ನೇ ಬರೆದ, ಮುಖ ಹುಳ್ಳಗೆ ಮಾಡಿಕೊಂಡು.

ಅಪ್ಪನನ್ನು ಕಳಿಸಿಕೊಡಲು ಹೊರಗೆ ಬಂದೆ. ಕಾರಿಡಾರಿನಲ್ಲಿ ಅವರು ಮುಂದೆ, ನಾನು ಹಿಂದೆ.

"ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ಹೇಳ್ದೆ ಅಲ್ವಾ?" ಎಂದರು, ತಿರುಗಿ ನೋಡದೆ.

"ಹೂಂ."

"ಕೆಲಸನೇ ಹೋಗ್ತಿತ್ತಲ್ಲ ಮಗಳೇ. ಇನ್ನೊಂದ್ಸಲ ಹಾಗೆ ಮಾಡಬೇಡ. ನಾನು ತಪ್ಪಿದ್ರೆ ತಪ್ಪು ಅಂತ ಮುಖಕ್ಕೇ ಹೇಳು. ನಂಗೇನೂ ಬೇಜಾರಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಇಂಥ ಅಪ್ಪಣೆ ಸಿಕ್ಕಿದ್ದು ಇದೇ ಮೊದಲು.

"ಅಪ್ಪ, ನೀವು ಹೋಗ್ತಿರೋದು ತಪ್ಪು. ಬಾಗಿಲು ಆ ಕಡೆ."

ಅಪ್ಪ ನಿಂತರು. ಬೇಜಾರಾದದ್ದು ಮುಖದಲ್ಲಿ ಚೆನ್ನಾಗಿಯೇ ಕಂಡಿತು. ಆಮೇಲೆ ತಿರುಗಿ, ನನ್ನ ಹಿಂದೆ ಬಂದರು.