ಕೆಂಪು ವಲ್ಲಿ

ಚಟ್ಟದ ಮೇಲೆ ಮಲಗಿಸಿದ್ದ ರಾಜಪ್ಪನ ಎದೆಯ ಮೇಲೆ ಮಗ ಗಜಾನನ, ಅಪ್ಪ ಹೆಗಲಿಗೆ ಹಾಕುತ್ತಿದ್ದ ಕೆಂಪು ವಲ್ಲಿಯನ್ನು ಮಡಿಸಿ ಇಟ್ಟ. ಹೆಂಡತಿ ಶೆಟ್ಟೆವ್ವ ಸರಕ್ಕನೆ ಎದ್ದು ಬಂದು ಅದನ್ನು ಎಳೆದುಕೊಂಡಳು.

“ಎವ್ವಾ, ಅಪ್ಪನ ಅರಿವಿ ಅಪ್ಪನ ಜೋಡೀನ ಹೋಗಬೇಕಲ್ಲ?”

“ಧೋತರಾ ಹೋಗ್ಲಿ, ಅಂಗಿ ಹೋಗ್ಲಿ. ಈ ವಲ್ಲಿಗೆ ಇನ್ನೂ ಕೆಲಸ ಐತಿ.”

“ಏನ್ ಕೆಲಸ? ನಾ ಗಾಡಿಗೆ ಹೇಳೇನಿ. ಹೈವೇ ಸೇತುವಿ ಕೆಳಗಿಂದ ಸುತ್ತ ಹಾಕಿ ಹೋಗೂಣು. ಎರಡ ಕಿಲೋಮೀಟರ್ ಆಗ್ತೈತಿ, ಆಗ್ಲಿ.”

“ನಿಮ್ಮಪ್ಪ ಹಂಗ ಹೋಗಾಂವಲ್ಲ. ಊರಮಂದೀನೆಲ್ಲಾ ಎಲ್ಲಿ ದಾಟಿಸ್ಯಾನ, ಅವನೂ ಅಲ್ಲೇ ದಾಟಬೇಕು. ಹೆಗಲ ಮ್ಯಾಲ.”

ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ಯಾರಿಗೂ ತ್ರಾಸು ಕೊಡಲಿಲ್ಲ ಎಂದು ಬಂದವರೆಲ್ಲ ಹೇಳುತ್ತಿದ್ದರು. ಆದರೆ ಹತ್ತರಗಿಯ ಈ ಓಣಿಗಳು ಹೆದ್ದಾರಿಯ ಈಚೆ, ಸುಡುಗಾಡು ಆಚೆ. ಸಾಯುವುದೇನೋ ಸುಲಭ, ಸತ್ತ ಮೇಲೆ ರಸ್ತೆ ದಾಟುವುದೇ ಕಷ್ಟ ಎಂದು ಊರವರು ಚಾಷ್ಟಿ ಮಾಡಿ ನಗುತ್ತಿದ್ದುದು ಸುಳ್ಳಲ್ಲ.

“ಎತ್ತ್ರಿ,” ಎಂದಳು ಶೆಟ್ಟೆವ್ವ.

\*

ರಾಜಪ್ಪ ಬೇರೆಯವರ ಹೊಲಕ್ಕೆ ನೀರು ಹಾಯಿಸುವ ಆಳು. ಇಪ್ಪತ್ತೆರಡು ವರ್ಷದ ಹಿಂದೆ ಅವನ ತಾಯಿಯ ಚಟ್ಟ ರಸ್ತೆಯ ಅಂಚಿನಲ್ಲಿ, ಬಿಸಿಲಲ್ಲಿ, ಮುಕ್ಕಾಲು ತಾಸು ನಿಂತಿತ್ತು. ಒಂದು ಲಾರಿಯೂ ನಿಲ್ಲಲಿಲ್ಲ. ಕೊನೆಗೆ ಹೊತ್ತವರು ಓಡಿದರು. ಚಟ್ಟ ವಾಲಿ ಮುದುಕಿಯ ಕೈ ಹೊರಗೆ ಜೋತುಬಿತ್ತು. ಆ ಕೈಯನ್ನು ಹಿಡಿದುಕೊಂಡೇ ಓಡಿದವನು ರಾಜಪ್ಪ.

ಅಂದಿನಿಂದ ಚಟ್ಟದ ಮುಂದೆ ಬಾರಿಸುವ ಹಲಗಿಯ ಸಪ್ಪಳ ಕೇಳಿದರೆ ಸಾಕು, ಸಲಿಕೆಯನ್ನು ಬದುವಿನ ಮೇಲೆ ಬಿಟ್ಟು, ಹೆಗಲ ಮೇಲಿನ ಕೆಂಪು ವಲ್ಲಿ ಹಿಡಿದು ರಸ್ತೆಗೆ ಹೋಗುತ್ತಿದ್ದ. ಯಾವ ಓಣಿ, ಯಾವ ಜಾತಿ ಎಂದು ಕೇಳಿದವನಲ್ಲ. ರಸ್ತೆಯ ನಡುವೆ ನಿಂತು ವಲ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ, “ರುಕೋ ಭಾಯ್, ಆದಮಿ ಜಾತಾ ಹೈ!” ಎಂದು ಕೂಗುತ್ತಿದ್ದ. ಅವನ ಹಿಂದಿ ಅಷ್ಟಕ್ಕೇ ಮುಗಿಯುತ್ತಿತ್ತು. ಮನುಷ್ಯ ಹೋಗುತ್ತಿದ್ದಾನೆ ಎನ್ನುತ್ತಿದ್ದನೇ ಹೊರತು, ಹೆಣ ಎಂದು ಒಮ್ಮೆಯೂ ಅನ್ನಲಿಲ್ಲ.

ಶೆಟ್ಟೆವ್ವನಿಗೆ ಇದು ಸೇರುತ್ತಿರಲಿಲ್ಲ. “ಊರ ಹೆಣಕ್ಕೆಲ್ಲಾ ನೀವೇನ್ ಗುತ್ತಿಗಿ ಹಿಡದೀರೇನ್ರಿ? ನನ್ನ ತಂಗಿ ಮದುವಿಗೆ ಬರ್ರಿ ಅಂದ್ರ ಪುರುಸೊತ್ತಿಲ್ಲ.”

“ಮದುವಿ ನಾ ಇಲ್ಲಂದ್ರೂ ನಡೀತೈತಿ,” ಎಂದು ಅವನು ನಕ್ಕಿದ್ದ.

ಆರು ವರ್ಷದ ಹಿಂದೆ, ಬುದ್ಧವಿಹಾರದ ಓಣಿಯ ಸಾತಪ್ಪನ ತಾಯಿ ಕರೆವ್ವ ತೀರಿಕೊಂಡ ದಿನ, ಶೆಟ್ಟೆವ್ವ ವಲ್ಲಿಯನ್ನು ಜೋಳದ ಚೀಲದ ಕೆಳಗೆ ಮುಚ್ಚಿಟ್ಟಳು. ವಲ್ಲಿ ಸಿಗದಿದ್ದರೆ ಮನೆಯಲ್ಲೇ ಉಳಿಯುತ್ತಾನೆ ಎಂದುಕೊಂಡಿದ್ದಳು. ಅವನು ಬರಿಗೈಯಲ್ಲೇ ಹೋದ. ಬರಿಗೈ ಲಾರಿಯವನ ಕಣ್ಣಿಗೆ ಬೀಳಲಿಲ್ಲ. ಎಡಗಾಲು ಮುರಿಯಿತು. ಆಮೇಲೆ ಸಾಯುವವರೆಗೂ ಕುಂಟಿದ, ಕುಂಟುತ್ತಲೇ ರಸ್ತೆಗೆ ಹೋದ. ಅವತ್ತು ವಲ್ಲಿ ಎಲ್ಲಿತ್ತು ಎಂದು ಮಾತ್ರ ಕೇಳಲಿಲ್ಲ. ಅವಳೂ ಹೇಳಲಿಲ್ಲ.

\*

ರಸ್ತೆಯ ಅಂಚಿಗೆ ಬಂದು ಎಲ್ಲರೂ ನಿಂತರು. ಲಾರಿಗಳ ಗಾಳಿಗೆ ಚಟ್ಟದ ಹೂವು ಉದುರುತ್ತಿತ್ತು. ಸಾತಪ್ಪ ಮುಂದೆ ಬಂದ.

“ಶೆಟ್ಟೆಕ್ಕಾ, ವಲ್ಲಿ ಇಲ್ಲಿ ಕೊಡ. ನಾ ನಿಂದರ್ತೇನಿ. ನಮ್ಮವ್ವನ್ನ ದಾಟಸಾಕ ಬಂದಾಗ ಅಣ್ಣನ ಕಾಲು ಮುರೀತು. ಆ ಋಣ ನನ್ನ ಮ್ಯಾಲ ಐತಿ.”

“ನಿಮ್ಮವ್ವನಿಂದ ಮುರೀಲಿಲ್ಲೋ ಸಾತಪ್ಪಾ. ನನ್ನಿಂದ ಮುರೀತು. ಅವತ್ತ ವಲ್ಲಿ ಮುಚ್ಚಿಟ್ಟಾಕಿ ನಾನೇ.”

ಹಲಗಿಯವನ ಕೈ ನಿಂತಿತು. ಆರು ವರ್ಷ ಸಾತಪ್ಪನೂ ಆ ಭಾರ ಹೊತ್ತುಕೊಂಡೇ ತಿರುಗಿದ್ದ.

“ನೀ ಹೆಗಲ ಕೊಡು,” ಎಂದಳು ಶೆಟ್ಟೆವ್ವ. ಅವನು ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ.

ಅವಳು ರಸ್ತೆಗೆ ಇಳಿದಳು. “ಎವ್ವಾ, ಬ್ಯಾಡ!” ಎಂದು ಗಜಾನನ ಚೀರಿದ. ಕೈಯಲ್ಲಿ ಬೆಂಕಿಯ ಮಡಿಕೆ, ಕೆಳಗಿಡುವಂತಿಲ್ಲ.

ದೂರದಲ್ಲಿ ಕಂಟೇನರ್ ಒಂದು ಬರುತ್ತಿತ್ತು. ಶೆಟ್ಟೆವ್ವ ವಲ್ಲಿ ಎತ್ತಿದಳು. ಗಂಡನ ಹಾಗೇ ಕೂಗಿದಳು.

“ರುಕೋ ಭಾಯ್! ಆದಮಿ ಜಾತಾ ಹೈ!”

ಬ್ರೇಕು ಕಿರುಗುಟ್ಟಿತು. ಹತ್ತು ಮಾರು ದೂರದಲ್ಲಿ ಗಾಡಿ ನಿಂತಿತು. ಚಾಲಕ ಎಂಜಿನ್ ಬಂದ್ ಮಾಡಿದ. ಅವಳ ಬೆನ್ನ ಹಿಂದಿನಿಂದ ಚಟ್ಟ ಹಾದುಹೋಯಿತು. ಯಾರೂ ಓಡಲಿಲ್ಲ. ಮತ್ತೆ ಶುರುವಾದ ಹಲಗಿಯ ಸಪ್ಪಳಕ್ಕೆ ಆಚೆ ಬದಿಯ ಲಾರಿಗಳೂ ನಿಂತಿದ್ದವು.

“ಎವ್ವಾ, ದಾಟೇವಿ! ಬಾ!” ಆಚೆಯಿಂದ ಗಜಾನನ ಕೂಗಿದ.

ಅವಳು ಅಲುಗಲಿಲ್ಲ. ನಿಂತ ಕಂಟೇನರಿನ ಹಿಂದೆ ಗಾಡಿಗಳ ಸಾಲು ಬೆಳೆಯುತ್ತಿತ್ತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೆಲ್ಲಗೆ ಕೇಳಿದ:

“ಆದಮಿ ಗಯಾ ಕ್ಯಾ, ಮಾಜೀ?”

ಹೋದ ಎಂದರೆ ವಲ್ಲಿ ಇಳಿಸಬೇಕಾಗುತ್ತಿತ್ತು. ಶೆಟ್ಟೆವ್ವ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು ನಿಂತೇ ಇದ್ದಳು.